ಊಟವಾದ ಎರಡು ಗಂಟೆಗೆ

ದೀಪಾವಳಿ ಮುಗಿದ ವಾರ ಅಹಮದಾಬಾದಿನಲ್ಲಿ ಎಲ್ಲರಿಗಿಂತ ಜೋರು ವ್ಯಾಪಾರ ರಕ್ತ ಪರೀಕ್ಷೆಯ ಲ್ಯಾಬಿನವರದೇ ಎಂದು ನನ್ನ ಗುಮಾನಿ. ಹಬ್ಬದ ಮರುದಿನ ಬೆಸ್ತು ವರಸ್, ಗುಜರಾತಿಗಳ ಹೊಸ ವರ್ಷ. ಅಲ್ಲಿಂದ ಲಾಭ ಪಂಚಮಿಯವರೆಗೆ ಅಂಗಡಿಗಳಿಗೆ ಬೀಗ. ಊರಿಗೆ ಊರೇ ಆಬು, ಉದಯಪುರ, ದೀವ್ ಎಂದು ಹೊರಟುಬಿಡುತ್ತದೆ. ಬೋಪಾಲಿನ ನಮ್ಮ ಸೊಸೈಟಿಯಲ್ಲಿ ಆಗ ಉಳಿಯುವುದು ವಾಚ್‌ಮನ್, ನಾಯಿಗಳು, ಮತ್ತೆ ನಮ್ಮಂಥ ಪರಊರಿನವರು. ಪಂಚಮಿಗೆ ತಿರುಗಿ ಬಂದವರು ಪೂಜೆ ಮಾಡಿ ಹೊಸ ಚೋಪಡಾ ಪುಸ್ತಕದಲ್ಲಿ ವ್ಯಾಪಾರದ ಲೆಕ್ಕ ಶುರು ಮಾಡುತ್ತಾರೆ. ಮರುದಿನ ಬೆಳಿಗ್ಗೆ ಏಳಕ್ಕೆ ಅವರೇ ಖಾಲಿ ಹೊಟ್ಟೆಯಲ್ಲಿ ಲ್ಯಾಬಿನ ಮುಂದೆ ನಿಂತಿರುತ್ತಾರೆ, ಘೂಘರಾ, ಮೋಹನಥಾಳ್, ಕಾಜು ಕತ್ಲಿಯ ಲೆಕ್ಕ ಕೊಡಲು. ಒಬ್ಬರಿಗೊಬ್ಬರು ‘ಸಾಲ್ ಮುಬಾರಕ್’ ಎಂದು ಕೈ ಮುಗಿಯುವಾಗ ಅರ್ಧ ಜನರ ಮೊಣಕೈ ಒಳಗೆ ಹತ್ತಿ ಅಂಟಿಸಿರುತ್ತದೆ.

ನಮ್ಮ ಮನೆಯಲ್ಲಿ ಸಕ್ಕರೆ ನನ್ನ ಗಂಡನದು, ಕಣ್ಣು ನನ್ನದು. ಜಂಟಿ ಖಾತೆ ಇರುವುದು ಬ್ಯಾಂಕಿನಲ್ಲಿ ಮಾತ್ರ. ಕಾಯಿಲೆಗಳನ್ನು ಮೊದಲಿನಿಂದಲೂ ಬೇರೆ ಬೇರೆ ಇಟ್ಟುಕೊಂಡಿದ್ದೇವೆ. ಆದರೆ ಎರಡರ ಅಪಾಯಿಂಟ್‌ಮೆಂಟನ್ನೂ ಒಂದೇ ದಿನಕ್ಕೆ ಹಾಕಿಸುವುದು ಇವರ ಪದ್ಧತಿ. ಪೆಟ್ರೋಲು ಉಳಿಯುತ್ತದೆ ಎನ್ನುವುದು ಬಾಯಿ ಮಾತಿನ ಕಾರಣ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಪ್ಲಾಸ್ಟಿಕ್ ಫೈಲು ಬಗಲಲ್ಲಿ ಇಟ್ಟುಕೊಂಡು ಬೆಳಿಗ್ಗೆ ಹೊರಡುವ ಭಾಗ್ಯ ಈಗ ಆಸ್ಪತ್ರೆಗಳಷ್ಟೇ ಕೊಡುತ್ತವೆ.

ಈ ಸಲ ಡಾಕ್ಟರು ಮೂರು ಪರೀಕ್ಷೆ ಬರೆದಿದ್ದರು: ಖಾಲಿ ಹೊಟ್ಟೆಯದು, ಊಟವಾದ ಎರಡು ಗಂಟೆಯದು, ಮತ್ತೆ ಎಚ್‌ಬಿಎ1ಸಿ. ಮೊದಲಿನ ಎರಡನ್ನು ಇವರು ಲೆಕ್ಕಕ್ಕೇ ಇಟ್ಟಿಲ್ಲ. ಹಿಂದಿನ ದಿನ ಎರಡು ಜೋಳದ ರೊಟ್ಟಿ, ಒಂದಿಷ್ಟು ಹೆಸರುಕಾಳು ಪಲ್ಯ, ರಾತ್ರಿ ಅರ್ಧ ತಾಸು ಸೊಸೈಟಿಯ ಸುತ್ತ ಓಡಾಟ. ಅಷ್ಟು ಮಾಡಿದರೆ ಬೆಳಗಿನ ಅಂಕಿ ತೀರಾ ಮಾನ ತೆಗೆಯುವುದಿಲ್ಲ. ಹೆದರಿಕೆ ಮೂರನೆಯದರದು. ರಕ್ತದ ಕೆಂಪು ಕಣ ಬದುಕುವುದು ಸುಮಾರು 120 ದಿನ. ಅಷ್ಟರಲ್ಲಿ ರಕ್ತದೊಳಗೆ ಓಡಾಡಿದ ಸಕ್ಕರೆ ಅದರ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡೇ ಇರುತ್ತದೆ. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಅದು ಒಂದೇ ಅಂಕಿಯಲ್ಲಿ ಹೇಳಿಬಿಡುತ್ತದೆ. ಇದೊಂಥರಾ ಹೆಡ್ ಆಫೀಸಿನ ಆಡಿಟ್. ಹಿಂದಿನ ರಾತ್ರಿ ಕೂತು ಪುಸ್ತಕ ಸರಿಮಾಡಿದರೆ ನಡೆಯುವುದಿಲ್ಲ. ಗಣೇಶ ಚೌತಿಗೆ ಎದುರು ಮನೆಯವರು ಕೊಟ್ಟ ಚುರ್ಮಾ ಲಾಡು, ನವರಾತ್ರಿಯಲ್ಲಿ ಗರ್ಬಾ ನೋಡಲು ಹೋಗಿ ತಿಂದು ಬಂದದ್ದು, ಎಲ್ಲ ಅದರೊಳಗೆ.

ಇನ್ನು ಊಟದ ನಂತರದ ಪರೀಕ್ಷೆ. ಎರಡು ಗಂಟೆಯನ್ನು ಎಲ್ಲಿಂದ ಎಣಿಸಬೇಕು, ಮೊದಲ ತುತ್ತಿನಿಂದಲೋ ಕೊನೆಯ ತುತ್ತಿನಿಂದಲೋ ಎಂಬ ವಾದ ನಮ್ಮಲ್ಲಿ ಹಳೆಯದು. ಮೊದಲ ತುತ್ತಿನಿಂದ ಎಂದು ಲ್ಯಾಬಿನ ಹುಡುಗಿ ಎಷ್ಟು ಸಲ ಹೇಳಿದರೂ ಇವರು ಒಪ್ಪುವುದಿಲ್ಲ. ಅವತ್ತು ತಿಂಡಿಗೆ ನಾನು ಡಬ್ಬಿಯಲ್ಲಿ ಮೆಂತ್ಯದ ಖಾಖರಾ ಕಟ್ಟಿಕೊಂಡು ಹೋಗಿದ್ದೆ. ಇವರ ಕಣ್ಣು ಎದುರಿನ ಫಾಫಡಾ ಅಂಗಡಿಯ ಬಾಣಲೆಯ ಮೇಲೆ. ಪಂಚಮಿ ಮುಗಿದು ಅಂಗಡಿಯವನು ಆಗಷ್ಟೇ ಬಾಗಿಲು ತೆಗೆದಿದ್ದ. ಕಡಲೆ ಹಿಟ್ಟಿನ ಉಂಡೆಯನ್ನು ಹಲಗೆಯ ಮೇಲಿಟ್ಟು, ಅಂಗೈಯ ಬುಡದಿಂದ ಒಂದೇ ಎಳೆತಕ್ಕೆ ಉದ್ದ ಪಟ್ಟಿ ಮಾಡಿ, ಚಾಕುವಿನಿಂದ ಕೆರೆದೆತ್ತಿ ಎಣ್ಣೆಗೆ ಬಿಡುವುದನ್ನು ನೋಡುತ್ತ ನಿಂತರೆ ಸಕ್ಕರೆ ಇಲ್ಲದವರಿಗೂ ಕಾಲು ಕೀಳಲಾಗುವುದಿಲ್ಲ. ಪಕ್ಕದಲ್ಲೇ ಜಿಲೇಬಿ.

“ಮಷಿನ್ ಸರಿ ಐತೋ ಇಲ್ಲೋ ನೋಡೂಣು. ಖಾಖರಾ ತಿಂದು ಕೊಟ್ಟರ ಅದಕ್ಕೇನ್ ಗೊತ್ತಾಗ್ತದ?” ಅಂದರು.

ಫಾಫಡಾ ತಿಂದದ್ದು, ಜತೆಗೆ ಪಪ್ಪಾಯಿಕಾಯಿಯ ಸಂಭಾರೋ, ಕರಿದ ಹಸಿಮೆಣಸಿನಕಾಯಿ. ಜಿಲೇಬಿ ಒಂದೇ, ಅದೂ ಚಿಕ್ಕದು. ಗಂಟೆ ನೋಡಿದೆ: ಏಳು ಮುಕ್ಕಾಲು. ಎರಡು ತಾಸು ಬಿಡುವಾಯಿತು. ನಮ್ಮ ಮನೆಯ ಬಹುಪಾಲು ಕೆಲಸಗಳು ಸಾಗುವುದು ಇಂಥ ಎರಡು ತಾಸುಗಳಲ್ಲೇ.

ಬೋಪಾಲ್ ಎಂದರೆ ಸರ್ದಾರ್ ಪಟೇಲ್ ರಿಂಗ್ ರೋಡಿನ ಪಶ್ಚಿಮಕ್ಕೆ, ಇಸ್ಕಾನ್ ವೃತ್ತದಿಂದ ಆಂಬ್ಲಿ ರಸ್ತೆ ಹಿಡಿದು ಬಂದರೆ ಸಿಗುವ ಊರು. ದಸಕ್ರೋಯಿ ತಾಲೂಕಿನ ಒಂದು ಹಳ್ಳಿಯಾಗಿತ್ತು. ಆಮೇಲೆ ಪಕ್ಕದ ಘೂಮಾದ ಜತೆ ಸೇರಿ ಪುರಸಭೆಯಾಯಿತು. 2020ರಲ್ಲಿ ಅಹಮದಾಬಾದ್ ಮಹಾನಗರಪಾಲಿಕೆ ಎರಡನ್ನೂ ನುಂಗಿತು. ಒಂದೇ ಫ್ಲಾಟಿನಲ್ಲಿ ಕೂತಲ್ಲೇ ಕೂತು ನಾವು ಊರಿನಿಂದ ನಗರಕ್ಕೆ ಬಂದವರು. ಧಾರವಾಡದಲ್ಲಿದ್ದ ನಮ್ಮ ಹಿರಿಯ ಅತ್ತೆಗೆ ಇದು ಮಧ್ಯಪ್ರದೇಶದ ಭೋಪಾಲ್ ಅಲ್ಲವೆಂದು ಕೊನೆಯವರೆಗೂ ನಂಬಿಸಲಾಗಲಿಲ್ಲ. 1984ರ ವಿಷಾನಿಲ ಅವರ ಮನಸ್ಸಿನಿಂದ ಹೋಗಿರಲಿಲ್ಲ. ದಿನಾ ರಾತ್ರಿ ನಮ್ಮ ಶ್ವಾಸಕೋಶಕ್ಕಾಗಿ ಪ್ರಾರ್ಥಿಸುತ್ತಿದ್ದರು. ಆ ಪ್ರಾರ್ಥನೆಗಳೇನೂ ವ್ಯರ್ಥವಾಗಿರಲಾರವು, ಹೋಗಬೇಕಾದ ಭೋಪಾಲಿಗೇ ಹೋಗಿ ಮುಟ್ಟಿರಬೇಕು.

ಇನ್ನೊಂದು ತಪ್ಪುಕಲ್ಪನೆ ನೆರೆಯವರದು. ಕನ್ನಡದವರು ಅಂದಕೂಡಲೇ ಇಲ್ಲಿ ಎಲ್ಲರೂ ನಮ್ಮನ್ನು ಇಸ್ರೋದವರು ಅಂದುಕೊಳ್ಳುತ್ತಾರೆ. ಅದಕ್ಕೆ ಕಾರಣವೂ ಇದೆ. ಉಡುಪಿ ಕಡೆಯ ಯು.ಆರ್. ರಾವ್ ಇಲ್ಲಿನ ಭೌತ ಸಂಶೋಧನಾಲಯದಲ್ಲಿ ವಿಕ್ರಮ್ ಸಾರಾಭಾಯಿ ಅವರ ಕೈಕೆಳಗೆ ಸಂಶೋಧನೆ ಮಾಡಿದವರು. ಹಾಸನದ ಆಲೂರಿನ ಕಿರಣ್ ಕುಮಾರ್ 1975ರಲ್ಲಿ ಇಲ್ಲಿನ ಬಾಹ್ಯಾಕಾಶ ಅನ್ವಯ ಕೇಂದ್ರಕ್ಕೆ ಸೇರಿ ಅದರ ನಿರ್ದೇಶಕರೂ ಆದರು, ಆಮೇಲೆ ಇಡೀ ಇಸ್ರೋದ ಅಧ್ಯಕ್ಷರೂ ಆದರು. 2022ರಲ್ಲಿ ಬಾಹ್ಯಾಕಾಶ ಇಲಾಖೆಯ ಇನ್-ಸ್ಪೇಸ್ ಕಚೇರಿ ಬೋಪಾಲಿಗೇ ಬಂತು. ಹೀಗಾಗಿ 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ ಇಳಿದಾಗ ಮೇಲಿನ ಮಹಡಿಯವರು ಪೆಂಡಾ ಡಬ್ಬಿ ಹಿಡಿದು ಬಂದದ್ದು ನಮ್ಮ ಮನೆಗೆ. ನನ್ನ ಗಂಡ ಜೀವಮಾನವಿಡೀ ಇಳಿಸಿದ್ದು ಬಡ್ಡಿದರ ಮಾತ್ರ ಎಂದು ಹೇಳುವ ಮನಸ್ಸು ನನಗಾಗಲಿಲ್ಲ. ಅವರಂತೂ ಬಹಳ ಗಂಭೀರವಾಗಿ ಅಭಿನಂದನೆ ಸ್ವೀಕರಿಸಿದರು.

ಆ ಎರಡು ತಾಸಿನಲ್ಲಿ ಮೊದಲ ಕೆಲಸ ಘಂಟಿಗೆ ಹೋಗುವುದು. ಘಂಟಿ ಅಂದರೆ ಇಲ್ಲಿ ಹಿಟ್ಟಿನ ಗಿರಣಿ. ಇಷ್ಟು ಮಾಲು, ಇಷ್ಟು ಬಹುಮಹಡಿ ಎದ್ದರೂ ಅಹಮದಾಬಾದಿನ ಗೃಹಿಣಿಯರು ಗಿರಣಿಯನ್ನು ಬಿಟ್ಟುಕೊಟ್ಟಿಲ್ಲ. ಈ ಊರಿನ ಬಗ್ಗೆ ನನಗೆ ಗೌರವ ಹುಟ್ಟಿದ್ದೇ ಅಲ್ಲಿ. ಬೇಸಿಗೆಯಲ್ಲಿ ಇಡೀ ವರ್ಷದ ಗೋಧಿಯನ್ನು ಒಮ್ಮೆಲೇ ಕೊಳ್ಳುತ್ತಾರೆ. ಭಾಲ್ ಪ್ರದೇಶದ ಭಾಲಿಯಾ ಗೋಧಿ ಸಿಕ್ಕರೆ ಬಲು ಹೆಮ್ಮೆ. ಕಾಳಿಗೆ ದಿವೇಲ್, ಅಂದರೆ ನಮ್ಮ ಹರಳೆಣ್ಣೆ ಸವರಿ ಪೀಪಾಯಿಗೆ ತುಂಬಿಟ್ಟರೆ ಹುಳ ಹತ್ತುವುದಿಲ್ಲ. ಬೇಕಾದಾಗ ಬೇಕಾದಷ್ಟು ಬೀಸಿಸಿಕೊಂಡು ಬರುತ್ತಾರೆ. ನಾನು ಒಯ್ಯುವುದು ಜೋಳ. ಜೋಳದ ಹಿಟ್ಟು ಪ್ಯಾಕೆಟ್ಟಿನಲ್ಲೂ ಸಿಗುತ್ತದೆ, ಆದರೆ ಅದಕ್ಕೆ ಜಿಗಿ ಇರುವುದಿಲ್ಲ. ಬಡಿಯುವಾಗ ರೊಟ್ಟಿ ಅಂಚಿನಿಂದ ಒಡೆಯುತ್ತಾ ಬಂದು ಕಡೆಗೆ ಗುಜರಾತಿನ ನಕ್ಷೆಯಾಗಿ ನಿಲ್ಲುತ್ತದೆ, ಕಚ್ಛ್, ಸೌರಾಷ್ಟ್ರ ಎಲ್ಲ ಬೇರೆಬೇರೆ.

ಗಿರಣಿಯಲ್ಲಿ ಸರದಿಯೊಂದು ಶಾಸ್ತ್ರ. ಗೋಧಿಯ ಹಿಂದೆ ಜೋಳ ಹಾಕಿದರೆ ಕಲ್ಲಿನೊಳಗೆ ಉಳಿದ ಗೋಧಿ ಹಿಟ್ಟು ನನ್ನ ಡಬ್ಬಿಗೆ ಬೀಳುತ್ತದೆ. ನನ್ನ ಹಿಂದೆ ಗೋಧಿಯವರು ನಿಂತರೆ ಅವರ ರೊಟ್ಲಿಗೆ ಜೋಳದ ಬಣ್ಣ. ಆದ್ದರಿಂದ ಗಿರಣಿಯಾತ ಸಜ್ಜೆಯವರೊಬ್ಬರು ಬರುವ ತನಕ ನನ್ನನ್ನು ಕೂರಿಸುತ್ತಾನೆ. ಸಜ್ಜೆ, ಜೋಳ ಒಂದು ಪಂಕ್ತಿ, ಗೋಧಿ ಇನ್ನೊಂದು. “ಬೇಸೋ ಬೆನ್, ಬಾಜ್ರಿ ಆವ್‌ಸೆ.” ಕೂಡಿ ಅಕ್ಕಾ, ಸಜ್ಜೆ ಬರುತ್ತದೆ ಎಂದ. ಬೆಂಚಿನ ಮೇಲೆ ಹಿಟ್ಟಿನ ಧೂಳಿನಲ್ಲಿ ಕೂತೆ. ಪಕ್ಕದ ಹೆಂಗಸು ನನ್ನ ಗಂಡನ ಕೈಯ ಹತ್ತಿ ನೋಡಿ, ಹೆಸರು ಕೇಳುವುದಕ್ಕೆ ಮೊದಲೇ, “ಶುಗರ್ ಕೇಟ್ಲಿ ಆವಿ?” ಎಂದಳು. ಈ ಊರಿನಲ್ಲಿ ಸಂಬಳ ಕೇಳಿದರೆ ಮುಖ ತಿರುಗಿಸುವವರೂ ಸಕ್ಕರೆ ಎಷ್ಟೆಂದು ಧಾರಾಳವಾಗಿ ಹೇಳುತ್ತಾರೆ.

ಸಜ್ಜೆ ಬಂತು, ಜೋಳ ಬೀಸಿಯಾಯಿತು, ಬಿಸಿ ಹಿಟ್ಟಿನ ಡಬ್ಬಿ ಸ್ಕೂಟರಿನ ಮುಂದೆ ಕೂತಿತು. ಮಿಕ್ಸರಿನ ಜಾರಿಗೆ ಹೊಸ ಬ್ಲೇಡು, ವಿದ್ಯುತ್ ಬಿಲ್ಲಿನ ಯಾವುದೋ ತಕರಾರು, ಅಮುಲ್ ಪಾರ್ಲರಿನಲ್ಲಿ ಮೊಸರು, ಇವುಗಳಲ್ಲಿ ಹೇಳುವಂಥದ್ದೇನಿಲ್ಲ. ಒಂಬತ್ತು ಮುಕ್ಕಾಲಿಗೆ ಸರಿಯಾಗಿ ಇವರು ಮತ್ತೊಂದು ತೋಳು ಚಾಚಿದರು. ಮೊದಲ ತುತ್ತಿನ ವಾದಕ್ಕೆ ಜಯ.

ಕಣ್ಣಿನ ಕ್ಲಿನಿಕ್ಕಿನದು ಬೇರೆಯೇ ಲೋಕ. ಪಾಪೆ ಹಿಗ್ಗಲು ಹನಿ ಹಾಕಿ, ಕಣ್ಣು ಮುಚ್ಚಿ ಕೂರಿ ಅನ್ನುತ್ತಾರೆ. ಸಾಲಾಗಿ ಕೂತ ಹತ್ತಾರು ಮಂದಿ ಮುದುಕರು ಕಣ್ಣು ಮುಚ್ಚಿಕೊಂಡೇ ಹರಟೆ ಹೊಡೆಯುತ್ತಿರುತ್ತಾರೆ. ಮುಖ ಕಾಣುವುದಿಲ್ಲವಾದ್ದರಿಂದ ಸಂಕೋಚವಿಲ್ಲ. ನನ್ನ ಬಲಗಡೆಯ ದನಿ ನಾನು ಎಲ್ಲಿಯವಳು, ಯಾವ ಜನ ಎಂದು ವಿಚಾರಿಸಿತು. ಕ್ರಿಶ್ಚಿಯನ್ ಅಂದೆ. “ಓಹೋ, ಫಾಧರ್ ವಾಲೆಸ್!” ಎಂದಿತು ದನಿ. ಅಹಮದಾಬಾದಿನಲ್ಲಿ ಅರವತ್ತು ದಾಟಿದ ಯಾರ ಮುಂದೆ ಕ್ರಿಶ್ಚಿಯನ್ ಅಂದರೂ ಬರುವ ಮೊದಲ ಮಾತು ಇದೇ. ನಾನು ಬರೀ ಬಾಸೆಲ್ ಮಿಶನ್ ಪ್ರೊಟೆಸ್ಟೆಂಟ್, ವಾಲೆಸ್ ಜೆಸ್ಯೂಟ್ ಪಾದ್ರಿ ಎಂಬ ಸೂಕ್ಷ್ಮಗಳೆಲ್ಲ ಇಲ್ಲಿ ಲೆಕ್ಕಕ್ಕಿಲ್ಲ.

ಸ್ಪೇನಿನ ಕಾರ್ಲೋಸ್ ವಾಲೆಸ್ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಗಣಿತ ಕಲಿಸಿದವರು. ಗುಜರಾತಿಯಲ್ಲಿ ಇಲ್ಲಿಯವರಿಗಿಂತ ಸೊಗಸಾಗಿ ಬರೆದರು, ಪತ್ರಿಕೆಯಲ್ಲಿ ಅಂಕಣ ನಡೆಸಿದರು, ರಣಜಿತ್‌ರಾಮ್ ಸುವರ್ಣ ಚಂದ್ರಕ ಪಡೆದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ. ತಮ್ಮ ವಸತಿ ಬಿಟ್ಟು, ಹಳೆಯ ಅಹಮದಾಬಾದಿನ ಪೋಳ್ ಎಂಬ ಓಣಿಗಳಲ್ಲಿ ಮನೆಯಿಂದ ಮನೆಗೆ ಅತಿಥಿಯಾಗಿ ಹೋಗಿ, ಅವರು ಹಾಕಿದ್ದನ್ನು ಉಂಡು, ಅವರು ತೋರಿಸಿದಲ್ಲಿ ಮಲಗಿ ಹತ್ತು ವರ್ಷ ಬಾಳಿದರು. ಸೈಕಲ್ ಹತ್ತಿ ಪಾಠಕ್ಕೆ ಹೋಗುವುದು, ಸಂಜೆ ಇನ್ನೊಬ್ಬರ ಮನೆಗೆ ಮರಳುವುದು. ಒಂದು ರಾತ್ರಿ ನೆಂಟರು ಹೆಚ್ಚಿಗೆ ಉಳಿದರೆ ತಲೆನೋವು ಬರಿಸಿಕೊಳ್ಳುವ ನನ್ನಂಥವಳಿಗೆ ಆ ಪಾದ್ರಿಯೂ ದೊಡ್ಡವರು, ಬಾಗಿಲು ತೆಗೆದ ಆ ಮನೆಗಳ ಹೆಂಗಸರು ಅವರಿಗಿಂತ ದೊಡ್ಡವರು. 2020ರ ನವೆಂಬರಿನಲ್ಲಿ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡರು. ಮರುವರ್ಷ ಪದ್ಮಶ್ರೀ ಬಂತು. ಬಲಗಡೆಯ ದನಿ ಅವರ ವಿದ್ಯಾರ್ಥಿಯಂತೆ. ಗಣಿತದಲ್ಲಿ ಎರಡು ಸಲ ಫೇಲ್ ಆಗಿದ್ದನ್ನು ಅಭಿಮಾನದಿಂದ ಹೇಳಿತು.

ಅವರ ಸಂತರ ಕಥೆಗೆ ಎದುರಾಗಿ ನನ್ನದೂ ಒಂದಿರಲಿ ಎಂದು, ನಮ್ಮ ಅಜ್ಜಿಯ ಕಣ್ಣಿನ ಪೊರೆ ತೆಗೆದದ್ದು ಡಾಕ್ಟರ್ ಮೋದಿ ಎಂದೆ. ಕಣ್ಣು ಮುಚ್ಚಿದ್ದ ಸಾಲು ಪೂರ್ತಿ ಸ್ತಬ್ಧವಾಯಿತು. ಯಾರೋ ಒಬ್ಬರು ಕಣ್ಣು ತೆರೆದೂ ನೋಡಿದರೆಂದು ಕಾಣುತ್ತದೆ, ನರ್ಸು ಗದರಿದಳು. ಬಾಗಲಕೋಟೆ ಕಡೆಯ ಬೀಳಗಿಯ ಡಾ. ಎಂ.ಸಿ. ಮೋದಿ, ಊರೂರಿಗೆ ಹೋಗಿ ಶಾಲೆ, ಛತ್ರಗಳಲ್ಲೇ ಶಿಬಿರ ಹಾಕಿ ಲಕ್ಷಗಟ್ಟಲೆ ಜನರ ಪೊರೆ ಬಿಡಿಸಿದವರು, ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆಯವರು ಎಂದು ಬಿಡಿಸಿ ಹೇಳಬೇಕಾಯಿತು. ನಮ್ಮ ಪೀಳಿಗೆಯ ಉತ್ತರ ಕರ್ನಾಟಕದವರಿಗೆ ಮೋದಿ ಅಂದರೆ ಬಹಳ ಕಾಲ ಕಣ್ಣಿನ ಡಾಕ್ಟರೇ. ಆಗೆಲ್ಲ ಪೊರೆ ಹಣ್ಣಾಗುವವರೆಗೂ ಕಾಯಬೇಕಿತ್ತು, ಆಮೇಲೆ ಸೋಡಾಗ್ಲಾಸಿನ ಕನ್ನಡಕ. ಈಗ ಕಾಯಬೇಕಿಲ್ಲ, ಸಣ್ಣ ಸೀಳಿನೊಳಗಿಂದ ಪೊರೆ ಪುಡಿಮಾಡಿ ಹೀರಿ, ಮಡಚಿದ ಮಸೂರ ಒಳಗಿಟ್ಟು ಮಧ್ಯಾಹ್ನಕ್ಕೆ ಮನೆಗೆ ಕಳಿಸುತ್ತಾರೆ.

ಅಷ್ಟರಲ್ಲಿ ಎಡಗಡೆಯಿಂದ ಗುರುತಿನ ದನಿ ಬಂತು: ನಮ್ಮ ಚರ್ಚಿನ ಗಾಯನವೃಂದದಲ್ಲಿ ಆಲ್ಟೋ ಹಾಡುವ ಬೆನ್. ಅವರ ಗಂಡನಿಗೆ ಕಣ್ಣಿನ ಒತ್ತಡವಂತೆ, ಜತೆಗೆ ಬಂದಿದ್ದರು. ಅವರ ಕಣ್ಣಿಗೆ ಹನಿ ಬಿದ್ದಿರಲಿಲ್ಲ, ನನ್ನನ್ನು ಚೆನ್ನಾಗಿಯೇ ನೋಡಿದರು.

ನಮ್ಮ ಚರ್ಚಿನ ಬಗ್ಗೆ ಒಂದು ಮಾತು. ಧಾರವಾಡದಲ್ಲಿ ನಾವು ದಕ್ಷಿಣ ಭಾರತ ಸಭೆಯವರು, 1947ರಲ್ಲಿ ಕೂಡಿದ್ದು ಅದು. ಇಲ್ಲಿ ಉತ್ತರ ಭಾರತ ಸಭೆ, 1970ರದ್ದು. ರೈಲು ಇಳಿದ ಭಾನುವಾರವೇ ದಕ್ಷಿಣದವರು ಉತ್ತರದವರಾದೆವು; ಬದಲಾದದ್ದು ಹಾಡಿನ ಭಾಷೆ ಮತ್ತು ಚಹಾದ ಸಿಹಿ. ಗುಜರಾತಿಯ ಭಜನೆಗಳಿಗೆ ತಬಲಾ, ಢೋಲಕ್ ಇರುತ್ತದೆ, ಬಾಯಿ ತಾನೇ ಹಾಡುತ್ತದೆ. ಈ ಗುಜರಾತಿ ಸಭೆಗಳಿಗೆ ಹಳೆಯ ಸ್ತುತಿಗೀತೆಗಳನ್ನು ಕಟ್ಟಿಕೊಟ್ಟವರಲ್ಲಿ ಒಬ್ಬರಾದ, 1867ರಲ್ಲಿ ಗುಜರಾತಿ ವ್ಯಾಕರಣವನ್ನೂ ಬರೆದ ಜೋಸೆಫ್ ವಾನ್ ಸೋಮರೆನ್ ಟೇಲರ್ ಪಾದ್ರಿ ಹುಟ್ಟಿದ್ದು ನಮ್ಮ ಬಳ್ಳಾರಿಯಲ್ಲಿ. ಇದನ್ನು ಮಹಿಳಾ ಮಂಡಳಿಯಲ್ಲಿ ನಾನು ಆಗಾಗ ನೆನಪಿಸುತ್ತೇನೆ. ಅವರು ಸ್ಕಾಟ್ಲೆಂಡಿನವರಲ್ಲವೇ ಎನ್ನುತ್ತಾರೆ. ಇರಬಹುದು, ಬಳ್ಳಾರಿಯ ಬಿಸಿಲು ಕುಡಿದವರು.

ಆಲ್ಟೋ ಬೆನ್ ಸುದ್ದಿಯ ಗಂಟು ಬಿಚ್ಚಿದರು. ಪಾಳಕ ಸಾಹೇಬರಿಗೆ, ಅಂದರೆ ನಮ್ಮ ಸಭಾಪಾಲಕರಿಗೆ, ಆಣಂದ್ ಕಡೆಗೆ ವರ್ಗ ಆಗುತ್ತದಂತೆ. ಅಲ್ಲ, ಆಗುವುದಿಲ್ಲ, ಅವರ ಮಗಳ ಹತ್ತನೇ ತರಗತಿ ಮುಗಿಯುವ ತನಕ ತಡೆದಿದ್ದಾರಂತೆ. ಛಾವಣಿ ರಿಪೇರಿ ನಿಧಿಗೆ ಅಮೆರಿಕದಲ್ಲಿರುವ ಯಾರೋ ಕೊಟ್ಟ ದುಡ್ಡು ಛಾವಣಿಗೋ ಸೌಂಡ್ ಸಿಸ್ಟಮಿಗೋ ಎಂದು ಕಮಿಟಿಯಲ್ಲಿ ಜಗಳ. ಅತ್ಯಂತ ಮುಖ್ಯವಾದದ್ದು: ಈ ವರ್ಷ ಕ್ಯಾರೊಲ್ ತಂಡ ರಿಂಗ್ ರೋಡ್ ದಾಟಿ ಬೋಪಾಲಿಗೂ ಬರುತ್ತದೆ. ಇಲ್ಲಿಯವರೆಗೆ ಇಸ್ಕಾನ್ ವೃತ್ತದ ಹತ್ತಿರ ಒಬ್ಬರ ಮನೆಯಲ್ಲೇ ನಮ್ಮೆಲ್ಲರಿಗೂ ಸೇರಿಸಿ ಹಾಡಿ ಮುಗಿಸುತ್ತಿದ್ದರು.

ಭಾನುವಾರದ ಪ್ರಕಟಣೆಯಲ್ಲಿ ಇದಾವುದೂ ಇರುವುದಿಲ್ಲ. ಅಲ್ಲಿ ಕಾಣಿಕೆ ಇಷ್ಟು, ಬೈಬಲ್ ಅಧ್ಯಯನ ಇಂಥ ದಿನ, ಅಸ್ವಸ್ಥರಿಗಾಗಿ ಪ್ರಾರ್ಥಿಸಿರಿ. ಯಾವ ಅಸ್ವಸ್ಥರು, ಏನು ಅಸ್ವಾಸ್ಥ್ಯ? ಅದು ತಿಳಿಯುವುದು ಗಿರಣಿಯಲ್ಲಿ, ಲ್ಯಾಬಿನಲ್ಲಿ, ಕಣ್ಣು ಮುಚ್ಚಿದ ಈ ಸಾಲಿನಲ್ಲಿ. ನನ್ನನ್ನು ಕೇಳಿದರೆ ಸಭೆ ಕೂಡುವುದು ಇಂಥಲ್ಲೇ, ಭಾನುವಾರ ಹಾಜರಿ ಹಾಕುವುದಷ್ಟೇ. ನಮ್ಮವರ ಸುದ್ದಿಯ ಚಪಲ ಹೊಸದೂ ಅಲ್ಲ: ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ್ದು ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಪಾದ್ರಿ.

ಡಾಕ್ಟರು ದೀಪ ಹಿಡಿದು ನೋಡಿ, ಪೊರೆ ಇನ್ನೂ ಎಳೆಯದು, ಆರು ತಿಂಗಳು ಬಿಟ್ಟು ಬನ್ನಿ ಅಂದರು. ಹೊರಗೆ ಬಂದರೆ ನವೆಂಬರಿನ ಬಿಸಿಲು ಕಣ್ಣಿಗೆ ಹಲ್ಲೆ ಮಾಡಿತು. ಹತ್ತಿರದ್ದೆಲ್ಲ ಮಂಜು. ಕಿರಾಣಿಯಲ್ಲಿ ಜೀರಿಗೆಯನ್ನೂ ಓಮವನ್ನೂ ಮೂಗಿನಿಂದ ಬೇರೆಮಾಡಿದೆ. ಔಷಧ ಅಂಗಡಿಯವನು ಮಧ್ಯಾಹ್ನದ ನಿದ್ದೆಗೆ ಅರ್ಧ ಶಟರ್ ಎಳೆದಿದ್ದ. ಬಗ್ಗಿ ಒಳಗೆ ಮಾತಾಡಿ ಮೆಟ್‌ಫಾರ್ಮಿನ್ ತಂದದ್ದು ಇವರ ಸಾಹಸ. ಮೊಬೈಲಿನ ಅಕ್ಷರ ಕಾಣದ್ದರಿಂದ ಸಂಜೆಯವರೆಗೆ ಅದನ್ನು ಮುಟ್ಟಲಿಲ್ಲ. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು.

ಐದು ಗಂಟೆಗೆ ಮೊದಲ ಫೋನು: ಆಪರೇಷನ್ ಸುಸೂತ್ರ ಆಯಿತೇ? ಎರಡನೆಯವರು ಎರಡೂ ಕಣ್ಣಿಗೋ ಒಂದಕ್ಕೋ ಎಂದು ಕೇಳಿದರು. ಪಾಳಕ ಸಾಹೇಬರು ಫೋನಿನಲ್ಲೇ, ನಾನು ಬಾಯಿ ತೆರೆಯುವ ಮೊದಲೇ, ಪ್ರಾರ್ಥನೆ ಶುರುಮಾಡಿದರು; ಪ್ರಾರ್ಥನೆಯ ನಡುವೆ ತಿದ್ದುವುದು ನಮ್ಮಲ್ಲಿ ಸಭ್ಯತೆಯಲ್ಲ, ಆಮೆನ್ ಅಂದೆ. ಏಳೂವರೆಗೆ ಬಾಗಿಲಲ್ಲಿ ಪಕ್ಕದ ಶೇಲಾ ಕಡೆಯಿಂದ ಒಬ್ಬ ಬೆನ್, ಕೈಯಲ್ಲಿ ಬಿಸಿ ಹಾಂಡ್ವೋ. ಸೋರೆಕಾಯಿ ತುರಿ ಹಾಕಿ, ಮೇಲೆ ಎಳ್ಳಿನ ಒಗ್ಗರಣೆ ಕೊಟ್ಟು ಹದವಾಗಿ ಕೆಂಪಾಗಿಸಿದ್ದು. ಆಗಲೂ ನಾನು ಸತ್ಯ ಹೇಳಲು ಬಾಯಿ ತೆರೆದೆ. “ನೀವು ಮಾತಾಡಬ್ಯಾಡ್ರಿ, ರೆಸ್ಟ್ ತಗೋರಿ” ಎಂದು ಹಿಂದಿನಿಂದ ಹೇಳಿ ಡಬ್ಬಿ ಇಸಿದುಕೊಂಡವರು ನನ್ನ ಗಂಡ. ಹಾಂಡ್ವೋದ ನಂತರದ ಎರಡು ಗಂಟೆಯನ್ನು ಯಾರೂ ಎಣಿಸಲಿಲ್ಲ.

ಆದ್ದರಿಂದ ಈ ಮೂಲಕ ತಿಳಿಸುವುದೇನೆಂದರೆ, ಆಪರೇಷನ್ ಮೇ ತಿಂಗಳಿಗೆ ಮೊದಲು ಇಲ್ಲ. ಪ್ರಾರ್ಥಿಸುವವರು ಅಲ್ಲಿಯವರೆಗೆ ಇವರ ಎಚ್‌ಬಿಎ1ಸಿ ಕಡೆ ಗಮನ ಕೊಡಬೇಕು, 7.9 ಬಂದಿದೆ. ಕ್ರಿಸ್ಮಸ್ಸಿಗೆ ಧಾರವಾಡದಿಂದ ಬರುವವರು ದಯವಿಟ್ಟು ಪೇಢೆ ತರಬೇಡಿ. ಬ್ಯಾಡಗಿ ಮೆಣಸಿನಕಾಯಿ ತನ್ನಿ, ಸಿಕ್ಕರೆ ಮಾಲ್ದಂಡಿ ಜೋಳ. ಹಿಟ್ಟು ಬೇಡ, ಕಾಳೇ ಇರಲಿ, ಬೀಸಿಕೊಡುವವರು ಇಲ್ಲಿದ್ದಾರೆ.